ಮಂಗಳೂರಿಗೆ ಬಂದಿಳಿದ ತೊಂಬತ್ತೊಂಬತ್ತು ಮಂದಿ

1798ರ ಏಪ್ರಿಲ್ 26ರಂದು ಮಂಗಳೂರಿನಲ್ಲಿ ಫ್ರೆಂಚ್ ಯುದ್ಧನೌಕೆಯೊಂದರಿಂದ ಕೆಲವರು ಬಂದಿಳಿದರು. ನೌಕೆಯ ಹೆಸರು 'ಲಾ ಪ್ರೆನ್ಯೂಸ್'. ಇಳಿದವರಲ್ಲಿ ಇಬ್ಬರು ಟಿಪ್ಪು ಸುಲ್ತಾನನ ರಾಯಭಾರಿಗಳು; ಮಾರಿಷಸ್ ದ್ವೀಪಕ್ಕೆ ಹೋಗಿ ಮರಳಿದವರು. ಅವರ ಜೊತೆಗೆ ಬಂದವರು ಒಬ್ಬ ಸೇನಾನಿ, ಒಬ್ಬ ನೌಕಾಧಿಕಾರಿ, ಫಿರಂಗಿ ಬಲ್ಲ ಇಬ್ಬರು, ಹಡಗು ಕಟ್ಟುವ ನಾಲ್ವರು, ಒಂದಷ್ಟು ಕಿರಿಯ ಅಧಿಕಾರಿಗಳು ಮತ್ತು ದುಭಾಷಿಗಳು, 36 ಮಂದಿ ಯುರೋಪಿಯನ್ ಸಿಪಾಯಿಗಳು, 22 ಮಂದಿ ಮಿಶ್ರ ಜನಾಂಗದ ಸಿಪಾಯಿಗಳು. ಪಟ್ಟಿಯ ಪ್ರಕಾರ ಒಟ್ಟು 99 ಮಂದಿ.

ಇವರನ್ನು ಫ್ರಾನ್ಸಿನ ಸರಕಾರ ಸೈನ್ಯವಾಗಿ ಕಳುಹಿಸಿರಲಿಲ್ಲ. ಮಾರಿಷಸಿನಲ್ಲಿ ಹೊರಟ ಒಂದು ಜಾಹೀರುನಾಮೆಯನ್ನು ಓದಿ, ತಾವಾಗಿ ಹೆಸರು ಬರೆಸಿ, ತಮ್ಮದಲ್ಲದ ಮೈಸೂರಿನ ಪರವಾಗಿ ಇಂಗ್ಲಿಷರ ವಿರುದ್ಧ ಹೋರಾಡಲು ಬಂದವರು ಇವರು. ಇಂದಿನ ಮಾತಿನಲ್ಲಿ ಹೇಳುವುದಾದರೆ 'ವಿದೇಶಿ ಸ್ವಯಂಸೇವಕರು'.

2022ರ ಫೆಬ್ರವರಿ 24ರಂದು ರಷ್ಯಾ ಸೇನೆ ಯುಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ನಡೆಸಿದ ಬಳಿಕ ಒಂದು ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಬೇರೊಂದು ದೇಶದ ಮೇಲೆ ದಂಡು ಬಿದ್ದಾಗ ಉಳಿದವರು ಏನು ಮಾಡಬೇಕು? ಆಯುಧ ಕೊಟ್ಟು ದೂರ ನಿಲ್ಲಬೇಕೆ? ಸೈನ್ಯ ಕಳುಹಿಸಬೇಕೆ? ಸರಕಾರ ಸುಮ್ಮನಿದ್ದರೆ ಒಬ್ಬ ಪ್ರಜೆ ತಾನೇ ಹೆಗಲಿಗೆ ಕೋವಿ ಏರಿಸಿ ಹೋಗಬಹುದೆ? ಪಾಶ್ಚಾತ್ಯ ರಾಜಧಾನಿಗಳಲ್ಲಿ ಇದನ್ನು ಚರ್ಚಿಸುವವರು ಸಾಮಾನ್ಯವಾಗಿ ಸ್ಪೇನಿನ 1936ರ ಅಂತರ್ಯುದ್ಧದ ಉದಾಹರಣೆ ಕೊಡುತ್ತಾರೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಈ ಪ್ರಶ್ನೆಯ ಬಹುತೇಕ ಎಲ್ಲ ಬಗೆಯ ಉತ್ತರಗಳನ್ನೂ ನಮ್ಮ ಮಂಗಳೂರು ಒಂದೇ ತಲೆಮಾರಿನಲ್ಲಿ ಕಂಡಿದೆ. ಅದೂ ಸಹಾಯ ಕೊಟ್ಟವರ ಕಡೆಯಿಂದಲ್ಲ, ಸಹಾಯ ಬೇಡಿದವರ ಕಡೆಯಿಂದ.

ಪ್ರಶ್ನೆಯೇನೋ ಟಿಪ್ಪುವಿಗಿಂತ ಬಹಳ ಹಳೆಯದು. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಇದನ್ನು ಅರೆದು ಕುಡಿದಿದ್ದಾರೆ. ಕುರುಕ್ಷೇತ್ರಕ್ಕೆ ಮುನ್ನ ನೆರವು ಕೇಳಿ ಬಂದ ಇಬ್ಬರಿಗೂ ಕೃಷ್ಣ ಇಲ್ಲವೆನ್ನಲಿಲ್ಲ. ಒಬ್ಬನಿಗೆ ತನ್ನ ಸೈನ್ಯವನ್ನು ಕೊಟ್ಟ, ಇನ್ನೊಬ್ಬನಿಗೆ ಆಯುಧ ಹಿಡಿಯದ ತನ್ನನ್ನೇ ಕೊಟ್ಟ. ಬಲರಾಮ ಯಾರ ಪಕ್ಷಕ್ಕೂ ಸೇರದೆ ತೀರ್ಥಯಾತ್ರೆಗೆ ಹೊರಟ. ನೆರವು ಕೊಡುತ್ತೇನೆಂದು ಜಂಬದಿಂದ ಬಂದ ರುಕ್ಮಿಯನ್ನು ಎರಡೂ ಕಡೆಯವರು ಬೇಡವೆಂದು ಹಿಂದೆ ಕಳುಹಿಸಿದರು. ಸೈನ್ಯ, ಸಲಹೆ, ತಟಸ್ಥ ನೀತಿ, ತಿರಸ್ಕೃತ ನೆರವು ಇವಿಷ್ಟೂ ಆ ಒಂದು ಸಂದರ್ಭದಲ್ಲೇ ಇವೆ.

ಮಂಗಳೂರಿನ ಇತಿಹಾಸದಲ್ಲೂ 1798ಕ್ಕೆ ಹಿಂದಿನ ನಿದರ್ಶನವಿದೆ. 1568ರಲ್ಲಿ ಪೋರ್ಚುಗೀಸರು ಮಂಗಳೂರನ್ನು ಹಿಡಿದು ಇಲ್ಲಿ ಕೋಟೆ ಕಟ್ಟಿದರು. ಉಳ್ಳಾಲದ ರಾಣಿ ಅವರಿಗೆ ಮಣಿಯಲಿಲ್ಲ. ಆಕೆಯ ಕೋರಿಕೆಯ ಮೇಲೆ ಕಲ್ಲಿಕೋಟೆಯ ಜಾಮೊರಿನ್ನನ ಕಡಲ ನಾಯಕರಲ್ಲೊಬ್ಬನಾದ ಕುಟ್ಟಿ ಪೋಕರ್ 1570ರಲ್ಲಿ ಮಂಗಳೂರು ಕೋಟೆಯ ಮೇಲೆ ಎರಗಿದ. ಹಿಂದಿರುಗುವಾಗ ಪೋರ್ಚುಗೀಸ್ ನೌಕಾಪಡೆ ದಾರಿಯಲ್ಲಿ ಅಡ್ಡಗಟ್ಟಿತು. ಆತ ಹೋರಾಟದಲ್ಲಿ ಮಡಿದ. ಪರರ ನೆಲಕ್ಕಾಗಿ ಪ್ರಾಣ ತೆತ್ತವನೆಂದು ಆತನನ್ನು ಕರೆಯಬಹುದು. ಆದರೆ ಜಾಮೊರಿನ್ನನಿಗೂ ಪೋರ್ಚುಗೀಸರಿಗೂ ಹಗೆ ಮೊದಲೇ ಇತ್ತು ಎಂಬುದನ್ನು ಮರೆಯಬಾರದು. ಉಳ್ಳಾಲದ ಜಗಳ ಆತನಿಗೆ ಪೂರ್ತಿ ಪರರ ಜಗಳವಾಗಿರಲಿಲ್ಲ.

ಮುತ್ತಿಗೆಯ ನಡುವೆ ಕೈಬಿಟ್ಟವರು

1798ರ ಮಂದಿ ಯಾಕೆ ಅಷ್ಟು ಕಡಿಮೆಯಿದ್ದರು, ಅಷ್ಟು ಕಡಿಮೆಯಿದ್ದರೂ ಟಿಪ್ಪು ಯಾಕೆ ಅವರನ್ನು ಬರಮಾಡಿಕೊಂಡ ಎಂದು ತಿಳಿಯಬೇಕಾದರೆ ಹದಿನೈದು ವರ್ಷ ಹಿಂದಕ್ಕೆ, 1783ರ ಮಂಗಳೂರು ಮುತ್ತಿಗೆಗೆ ಹೋಗಬೇಕು.

ಎರಡನೆಯ ಮೈಸೂರು ಯುದ್ಧ ನಡೆಯುತ್ತಿದ್ದ ಕಾಲ. ಹೈದರಾಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದ. ಮುಂಬಯಿಯಿಂದ ಬಂದ ಜನರಲ್ ಮ್ಯಾಥ್ಯೂಸನ ದಂಡು ಕರಾವಳಿಗೆ ನುಗ್ಗಿ ಬಿದನೂರನ್ನು ಹಿಡಿಯಿತು. 1783ರ ಮಾರ್ಚಿನಲ್ಲಿ ಮಂಗಳೂರು ಕೋಟೆಯೂ ಅದರ ವಶವಾಯಿತು. ಟಿಪ್ಪು ಪೂರ್ವ ಕರಾವಳಿಯಿಂದ ಧಾವಿಸಿ ಬಂದು ಏಪ್ರಿಲ್ ಕೊನೆಯೊಳಗೆ ಬಿದನೂರನ್ನು ಮರಳಿ ಪಡೆದ, ಮ್ಯಾಥ್ಯೂಸನನ್ನು ಸೆರೆ ಹಿಡಿದ, ಮೇ ತಿಂಗಳಲ್ಲಿ ಮಂಗಳೂರನ್ನು ಮುತ್ತಿದ. ಕೋಟೆಯೊಳಗೆ ಇದ್ದವನು ಕ್ಯಾಂಪ್‌ಬೆಲ್ ಎಂಬ ಸ್ಕಾಟಿಷ್ ಅಧಿಕಾರಿ.

ಟಿಪ್ಪುವಿನ ಜೊತೆಗೆ ಆಗ ಎರಡು ಬಗೆಯ ಫ್ರೆಂಚರಿದ್ದರು. ಈ ವ್ಯತ್ಯಾಸ ಮುಖ್ಯ. ಒಂದು, ಲಾಲಿ ಎಂಬವನ ತುಕಡಿ. ಆತ ಹೈದರನ ಕಾಲದಿಂದಲೇ ಮೈಸೂರಿನ ಸಂಬಳ ತಿನ್ನುತ್ತಿದ್ದವನು. ಸರಳವಾಗಿ ಹೇಳುವುದಾದರೆ ಕೂಲಿ ಸಿಪಾಯಿಗಳ ನಾಯಕ. ಇನ್ನೊಂದು, ಕರ್ನಲ್ ಕೊಸಿನ್ಯಿಯ ಪಡೆ. ಅದು ಫ್ರಾನ್ಸಿನ ದೊರೆಯ ಸೈನ್ಯದ ಭಾಗ. ಅಮೆರಿಕದ ಸ್ವಾತಂತ್ರ್ಯ ಸಮರದ ನೆಪದಲ್ಲಿ ಇಂಗ್ಲೆಂಡಿನ ಮೇಲೆ ಯುದ್ಧ ಸಾರಿದ್ದ ಫ್ರಾನ್ಸ್, ಇಂಡಿಯಾದಲ್ಲಿ ಮೈಸೂರಿಗೆ ನೆರವಾಗಿ ದಂಡು ಇಳಿಸಿತ್ತು. ಮುತ್ತಿಗೆಯಲ್ಲಿ ಗೋಡೆ ಒಡೆಯುವ ವಿದ್ಯೆ, ಸುರಂಗ, ಫಿರಂಗಿಗಳ ಜೋಡಣೆ ಮೊದಲಾದ ಕೆಲಸಗಳಲ್ಲಿ ಇವರ ಪರಿಣತಿ ಟಿಪ್ಪುವಿಗೆ ಬೇಕಾಗಿತ್ತು.

ಇತ್ತ ಮಂಗಳೂರಿನಲ್ಲಿ ಜಡಿಮಳೆ. ಅತ್ತ ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ 1783ರ ಜನವರಿ 20ರಂದೇ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟಿದ್ದವು. ಆಗಿನ ಸುದ್ದಿ ಹಡಗಿನ ವೇಗದಲ್ಲಿ ಬರುತ್ತಿತ್ತು. ಜೂನ್ ಕೊನೆಗೆ ಅದು ಕೋರಮಂಡಲ ಕರಾವಳಿಯ ಕಡಲೂರಿಗೆ ತಲುಪಿ ಅಲ್ಲಿ ಕದನ ನಿಂತಿತು. ಜುಲೈಯಲ್ಲಿ ಮಂಗಳೂರಿಗೆ ಬಂತು. ಫ್ರೆಂಚ್ ಸೇನಾಪತಿ ಬುಸ್ಸಿಯಿಂದ ಆಜ್ಞೆ: ಇನ್ನು ಹೋರಾಡಕೂಡದು. ಕೊಸಿನ್ಯಿ ತನ್ನ ಜನರನ್ನು ಮುತ್ತಿಗೆಯಿಂದ ಹಿಂದೆಗೆದ.

ಕೋಟೆ ಇನ್ನೇನು ಬೀಳಲಿದೆ ಎನ್ನುವ ಹೊತ್ತಿಗೆ ಮಿತ್ರನು ಕಂದಕದಿಂದ ಎದ್ದು ಹೊರಟುಹೋದರೆ ಹೇಗಾಗಬೇಡ? ಟಿಪ್ಪು ಕೆರಳಿ ಕೆಂಡವಾದ. ಫ್ರೆಂಚರು ತನಗೆ ತಿಳಿಸದೆ, ತನ್ನನ್ನು ಕೇಳದೆ ತಮ್ಮ ಶಾಂತಿಯನ್ನು ತಾವು ಮಾಡಿಕೊಂಡರೆಂಬುದು ಆತನ ದೂರು. ಕೊಸಿನ್ಯಿಯ ಕಡೆಯಿಂದ ನೋಡಿದರೆ ಆತನೂ ತಪ್ಪಿತಸ್ಥನಲ್ಲ. ಆತ ತನ್ನ ದೊರೆಯ ಸಿಪಾಯಿ. ದೊರೆಗೆ ಯುದ್ಧ ಮುಗಿದ ಮೇಲೆ ಸಿಪಾಯಿಗೂ ಮುಗಿಯಿತು. ಸರಕಾರಿ ನೆರವಿನ ಬಲವೂ ದೌರ್ಬಲ್ಯವೂ ಇದೇ. ಅದು ದೊಡ್ಡ ಪ್ರಮಾಣದಲ್ಲಿ ಬರುತ್ತದೆ, ಕೊಡುವವನ ಲೆಕ್ಕಾಚಾರ ಬದಲಾದ ದಿನ ಒಟ್ಟಿಗೇ ಹೋಗುತ್ತದೆ.

ಆಗಸ್ಟ್ 2ರಂದು ಕದನ ವಿರಾಮವಾಯಿತು. ಆದರೆ ಕೋಟೆಗೆ ಆಹಾರ ಸಾಕಷ್ಟು ಹೋಗಲಿಲ್ಲ. ಒಳಗಿದ್ದವರು ಕುದುರೆಗಳನ್ನು ಕಡಿದು ತಿಂದರು. ರೋಗದಿಂದ ಸತ್ತವರ ಸಂಖ್ಯೆ ಗುಂಡಿಗೆ ಸತ್ತವರ ಸಂಖ್ಯೆಯನ್ನು ಮೀರಿಸುವಂತಾಯಿತು. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟು ಉಳಿದವರೊಂದಿಗೆ ತಲಶ್ಶೇರಿಗೆ ತೆರಳಿದ. ಎರಡು ತಿಂಗಳೊಳಗೆ ಮುಂಬಯಿಯಲ್ಲಿ ಸತ್ತ. ಮಾರ್ಚ್ 11ರಂದು ಆದ ಮಂಗಳೂರು ಒಪ್ಪಂದವನ್ನು ಕುಂಪಣಿಯವರು ಬಹುಕಾಲ ಅವಮಾನವೆಂದೇ ಭಾವಿಸಿದರು. ಟಿಪ್ಪು ಗೆದ್ದ, ನಿಜ. ಆದರೆ ಫ್ರೆಂಚರು ಹಿಂದೆ ಸರಿದ ಮೇಲೆ ಅದಕ್ಕೆ ಆತ ಆರು ತಿಂಗಳು ಹೆಚ್ಚು ತೆರಬೇಕಾಯಿತು.

ಇಷ್ಟಾದರೂ ಆತ ಫ್ರೆಂಚರ ಆಸೆ ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ. ಮರಾಠರು, ನಿಜಾಮ, ಕುಂಪಣಿ ಈ ಮೂವರ ನಡುವೆ ಮೈಸೂರು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಿತ್ತು. 1788ರ ಆಗಸ್ಟ್ 10ರಂದು ಆತನ ಮೂವರು ರಾಯಭಾರಿಗಳನ್ನು ಹದಿನಾರನೆಯ ಲೂಯಿ ವರ್ಸೇಲ್ಸ್ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡ. ಸತ್ಕಾರ ಸಿಕ್ಕಿತು, ಸೈನ್ಯದ ಒಪ್ಪಂದ ಸಿಗಲಿಲ್ಲ. ಮರುವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. 1790ರಲ್ಲಿ ಮೂರನೆಯ ಮೈಸೂರು ಯುದ್ಧ ಬಂದಾಗ ಫ್ರೆಂಚರು ತಟಸ್ಥರಾಗಿ ಉಳಿದರು. 1792ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ.

ಗೋಡೆಗೆ ಅಂಟಿಸಿದ ಗುಟ್ಟು

1797ರ ಆರಂಭದಲ್ಲಿ ಮುರಿದ ಹಡಗೊಂದು ಮಂಗಳೂರಿಗೆ ಬಂದು ಸೇರಿತು. ಅದರ ನಾಯಕ ಫ್ರಾನ್ಸ್ವಾ ರಿಪೋ ಎಂಬ ಫ್ರೆಂಚ್ ಖಾಸಗಿ ಯೋಧ. ಅಂದರೆ ಸರಕಾರದ ಪರವಾನಗಿ ಇಟ್ಟುಕೊಂಡು ಶತ್ರು ಹಡಗುಗಳನ್ನು ದೋಚುವವನು. ಈತ ಶ್ರೀರಂಗಪಟ್ಟಣದಲ್ಲಿ ತಾನು ಮಾರಿಷಸ್ ಸರಕಾರದ ಪ್ರತಿನಿಧಿಯೆಂದು ಹೇಳಿಕೊಂಡ. ಅಲ್ಲಿ ಹತ್ತು ಸಾವಿರ ಫ್ರೆಂಚ್ ಸೈನಿಕರು ಸಿದ್ಧರಾಗಿದ್ದಾರೆ, ಸುಲ್ತಾನನ ಒಂದು ಮಾತಿಗೆ ಕಾಯುತ್ತಿದ್ದಾರೆ ಎಂದ. ಆಸ್ಥಾನಿಕರು ಆತನನ್ನು ನಂಬಬೇಡವೆಂದು ಎಚ್ಚರಿಸಿದರು. ಟಿಪ್ಪು ಅವರ ಮಾತು ಕೇಳಲಿಲ್ಲ.

ಇದೇ ರಿಪೋ ಶ್ರೀರಂಗಪಟ್ಟಣದ ಫ್ರೆಂಚರನ್ನು ಸೇರಿಸಿ 'ಜಾಕೊಬಿನ್ ಕ್ಲಬ್' ಕಟ್ಟಿದ, ಸ್ವಾತಂತ್ರ್ಯದ ಗಿಡ ನೆಟ್ಟ, ಟಿಪ್ಪುವನ್ನು 'ಪ್ರಜೆ ಟಿಪ್ಪು' ಎಂದು ಕರೆದ ಎಂಬ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ. ಈ ಕ್ಲಬ್ಬಿನ ಕಾಗದಪತ್ರಗಳು ನಮಗೆ ಸಿಕ್ಕಿರುವುದು ಇಂಗ್ಲಿಷರ ಪ್ರಕಟಣೆಯ ಮೂಲಕ. ಅವು ಪೂರ್ತಿ ನಂಬಲರ್ಹವೇ ಎಂದು ಇತ್ತೀಚಿನ ಕೆಲವು ಫ್ರೆಂಚ್ ಇತಿಹಾಸಕಾರರು ಸಂಶಯಿಸಿದ್ದಾರೆ. ಸಂಶಯ ಅಸ್ಥಾನದ್ದಲ್ಲ. ಟಿಪ್ಪು ಕ್ರಾಂತಿಕಾರಿ ಫ್ರಾನ್ಸಿನ ಕೈಗೊಂಬೆ ಎಂದು ತೋರಿಸುವುದರಿಂದ ಇಂಗ್ಲಿಷರಿಗೆ ಲಾಭವಿತ್ತು. ಆದರೆ ಮಾರಿಷಸಿಗೆ ರಾಯಭಾರ ಹೋದದ್ದರಲ್ಲಿ ಸಂಶಯವಿಲ್ಲ.

ಇಬ್ಬರು ರಾಯಭಾರಿಗಳು ವ್ಯಾಪಾರಿಗಳ ವೇಷದಲ್ಲಿ ಮಂಗಳೂರಿನಿಂದ ಹೊರಟು 1798ರ ಜನವರಿಯಲ್ಲಿ ಮಾರಿಷಸ್ ಮುಟ್ಟಿದರು. ವೇಷವೇ ಹೇಳುವಂತೆ ಇದು ಗುಟ್ಟಿನ ಕೆಲಸ. 1792ರ ಒಪ್ಪಂದದ ಪ್ರಕಾರ ಮೈಸೂರು ಮತ್ತು ಕುಂಪಣಿ ಆಗ ಶಾಂತಿಯಲ್ಲಿದ್ದವು. ಅಲ್ಲಿನ ಗವರ್ನರ್ ಜನರಲ್ ಮಲಾರ್ತಿಕ್ ವಯೋವೃದ್ಧ ಸೇನಾನಿ. ಆತನ ಬಳಿ ಹತ್ತು ಸಾವಿರ ಸೈನಿಕರಿರಲಿ, ಒಂದು ಸಾವಿರವನ್ನೂ ಬಿಟ್ಟುಕೊಡುವ ಸ್ಥಿತಿ ಇರಲಿಲ್ಲ. ಇದ್ದ ಪಡೆಯಲ್ಲಿ ಒಂದು ಭಾಗ ಡಚ್ಚರ ನೆರವಿಗೆ ಬಟೇವಿಯಾಕ್ಕೆ ಹೋಗಿತ್ತು. ಗುಲಾಮಗಿರಿ ರದ್ದು ಮಾಡಲು ಪ್ಯಾರಿಸ್ಸಿನಿಂದ ಬಂದ ಅಧಿಕಾರಿಗಳನ್ನು 1796ರಲ್ಲಿ ಅದೇ ದ್ವೀಪದ ತೋಟದ ಧಣಿಗಳು ಹಡಗು ಹತ್ತಿಸಿ ಓಡಿಸಿದ್ದರು. ಕೇಂದ್ರ ಸರಕಾರದ ಮಾತು ಅಲ್ಲಿ ಎಷ್ಟು ನಡೆಯುತ್ತಿತ್ತು ಎಂಬುದಕ್ಕೆ ಇದೊಂದೇ ಸಾಕು.

ಮಲಾರ್ತಿಕ್ ಏನು ಮಾಡಿದ? ಜನವರಿ 30ರಂದು ಒಂದು ಜಾಹೀರುನಾಮೆ ಹೊರಡಿಸಿದ. ಟಿಪ್ಪು ಫ್ರೆಂಚರೊಂದಿಗೆ ಮೈತ್ರಿ ಬಯಸಿದ್ದಾನೆ. ಫ್ರೆಂಚರು ನೆರವಿಗೆ ಬಂದ ಕ್ಷಣವೇ ಇಂಗ್ಲಿಷರ ಮೇಲೆ ಯುದ್ಧ ಸಾರಲು ಕಾದಿದ್ದಾನೆ. ನಮ್ಮಲ್ಲಿ ಕಳುಹಿಸಲು ಸೈನ್ಯವಿಲ್ಲ. ಆದುದರಿಂದ ಇಷ್ಟವಿರುವ ನಾಗರಿಕರು ಹೆಸರು ಬರೆಸಿಕೊಳ್ಳಬೇಕು. ಕರಿಯ ಬಣ್ಣದ ಸ್ವತಂತ್ರ ನಾಗರಿಕರೂ ಬರಬಹುದು. ಸಂಬಳ ಸಾರಿಗೆ ಚೆನ್ನಾಗಿರುತ್ತದೆ. ಇದು ಅದರ ತಾತ್ಪರ್ಯ. ಗುಟ್ಟಾಗಿ ಕೇಳಿದ ನೆರವನ್ನು ಗೋಡೆಗೆ ಅಂಟಿಸಿದಂತಾಯಿತು.

ಆತ ಯಾಕೆ ಹೀಗೆ ಮಾಡಿದ ಎಂಬ ಬಗ್ಗೆ ಆಗಿನಿಂದಲೂ ವಾದಗಳಿವೆ. ಇಂಗ್ಲಿಷರನ್ನು ಬೆದರಿಸಲು ಎಂದವರಿದ್ದಾರೆ, ವಯಸ್ಸಿನ ಅರುಳುಮರುಳು ಎಂದವರಿದ್ದಾರೆ. ನನಗೆ ತೋರುವ ಕಾರಣ ಇನ್ನೂ ಸರಳ. ಫ್ರಾನ್ಸ್ 1793ರಿಂದಲೇ ಇಂಗ್ಲೆಂಡಿನೊಡನೆ ಯುದ್ಧದಲ್ಲಿತ್ತು. ಜಾಹೀರುನಾಮೆ ಹೊರಡಿಸುವುದರಿಂದ ಮಲಾರ್ತಿಕ್ ಹೊಸದಾಗಿ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಇಲ್ಲವೆಂದು ಹೇಳುವ ಮುಜುಗರ ತಪ್ಪುತ್ತಿತ್ತು, ಕೊಟ್ಟೆವೆಂಬ ಹೆಸರು ಉಳಿಯುತ್ತಿತ್ತು. ಶಾಂತಿಯ ತೆಳು ಪರದೆಯ ಹಿಂದೆ ನಿಂತಿದ್ದವನು ಟಿಪ್ಪು. ಪರದೆ ಹರಿದದ್ದು ಆತನದು.

ಮಾರ್ಚ್ 7ರಂದು ಹೊರಟ ಪ್ರೆನ್ಯೂಸ್ ನೌಕೆ ದಾರಿಯಲ್ಲಿ, ಏಪ್ರಿಲ್ 20ರಂದು, ತಲಶ್ಶೇರಿಯಲ್ಲಿ ಲಂಗರು ಹಾಕಿದ್ದ ಕುಂಪಣಿಯ ಎರಡು ಹಡಗುಗಳನ್ನು ಹಿಡಿದೇ ಮಂಗಳೂರಿಗೆ ಬಂತು. ಇನ್ನು ಗುಟ್ಟೆಲ್ಲಿ ಬಂತು? ಹತ್ತು ಸಾವಿರದ ಕನಸಿಗೆ ತೊಂಬತ್ತೊಂಬತ್ತು ಮಂದಿ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುವುದು ಇದಕ್ಕೇ. ಟಿಪ್ಪು ಅವರನ್ನು ರುಕ್ಮಿಯಂತೆ ಹಿಂದೆ ಕಳುಹಿಸಬಹುದಿತ್ತು. ಕಳುಹಿಸಲಿಲ್ಲ. ನಾಯಕ ಶಾಪ್ಯೂಯಿ ಮತ್ತು ಉಳಿದವರನ್ನು ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡ.

ಕಲ್ಕತ್ತೆಯಲ್ಲಿ ಓದಿದವನು

1798ರ ಮೇ 17ರಂದು ಹೊಸ ಗವರ್ನರ್ ಜನರಲ್ ಕಲ್ಕತ್ತೆಗೆ ಬಂದಿಳಿದ. ಮಾರ್ನಿಂಗ್ಟನ್ ಪ್ರಭು, ನಾವು ವೆಲ್ಲೆಸ್ಲಿ ಎಂದು ಓದುವವನು. ಮೂರು ವಾರ ಕಳೆಯುವಷ್ಟರಲ್ಲಿ, ಜೂನ್ 8ರಂದು, ಆ ಜಾಹೀರುನಾಮೆ ಪತ್ರಿಕೆಯೊಂದರ ಮೂಲಕ ಅವನ ಕಣ್ಣಿಗೆ ಬಿತ್ತು. ಜೂನ್ 20ಕ್ಕೆ ಮದರಾಸಿನ ಜನರಲ್ ಹ್ಯಾರಿಸನಿಗೆ ಸೈನ್ಯ ಸೇರಿಸಲು ಸೂಚನೆ ಹೋಯಿತು. ಮದರಾಸಿನ ಅಧಿಕಾರಿಗಳು, ಮುಖ್ಯವಾಗಿ ಕಾರ್ಯದರ್ಶಿ ಜೋಸಯ ವೆಬ್, ಹಣವಿಲ್ಲ, ಸಿದ್ಧತೆಯಿಲ್ಲ ಎಂದು ತಡೆದರು. ವೆಲ್ಲೆಸ್ಲಿ ಆಗಸ್ಟ್ 12ರ ತನ್ನ ದೀರ್ಘ ಟಿಪ್ಪಣಿಯಲ್ಲಿ ವಾದವನ್ನು ಗಟ್ಟಿ ಮಾಡಿಕೊಂಡ. ಬಂದವರ ಸಂಖ್ಯೆ ಮುಖ್ಯವಲ್ಲ. ಸುಲ್ತಾನ ಅವರನ್ನು ಬರಮಾಡಿಕೊಂಡನೆಂಬುದೇ ಯುದ್ಧ ಸಾರಿದ್ದಕ್ಕೆ ಸಮ ಎಂಬುದು ಅದರ ತಿರುಳು.

ಈ ಜಾಹೀರುನಾಮೆ ಇಲ್ಲದಿದ್ದರೆ ನಾಲ್ಕನೆಯ ಮೈಸೂರು ಯುದ್ಧ ತಪ್ಪುತ್ತಿತ್ತೆ? ಹಾಗೆನ್ನುವುದು ಕಷ್ಟ. ದೇಶೀ ರಾಜರ ಆಸ್ಥಾನಗಳಿಂದ ಫ್ರೆಂಚರನ್ನು ತೊಡೆದುಹಾಕಬೇಕೆಂಬುದು ವೆಲ್ಲೆಸ್ಲಿಯ ಪಟ್ಟು. ಹೈದರಾಬಾದಿನ ನಿಜಾಮ ಆತನ ಮಿತ್ರನೇ. ಆದರೂ ಅವನಲ್ಲಿದ್ದ ಫ್ರೆಂಚ್ ಅಧಿಕಾರಿಗಳ ಸುಮಾರು 14 ಸಾವಿರ ಮಂದಿಯ ಪಡೆಯನ್ನು 1798ರ ಅಕ್ಟೋಬರ್ 22ರಂದು ನಿರಾಯುಧಗೊಳಿಸಲಾಯಿತು. ಜುಲೈಯಲ್ಲಿ ನೆಪೋಲಿಯನ್ ಬೋನಪಾರ್ಟೆ ಈಜಿಪ್ಟಿಗೆ ಇಳಿದಿದ್ದರಿಂದ ಲಂಡನ್ನಿನ ಭಯವೂ ನಿಜವೇ ಆಗಿತ್ತು. ಯುದ್ಧ ಬರುವುದು ಬಂದೀತು. ಆದರೆ ಯಾವಾಗ, ಯಾವ ನ್ಯಾಯದ ಹೆಸರಿನಲ್ಲಿ ಎಂಬ ಎರಡನ್ನೂ ಟಿಪ್ಪುವಿನ ಕೈಯಿಂದ ಕಿತ್ತು ವೆಲ್ಲೆಸ್ಲಿಯ ಕೈಗೆ ಕೊಟ್ಟದ್ದು ಆ ತೊಂಬತ್ತೊಂಬತ್ತು ಮಂದಿಯ ಆಗಮನ. ಉಳಿಸಲಾರದಷ್ಟು ಕಡಿಮೆ, ಅಡಗಿಸಲಾರದಷ್ಟು ಹೆಚ್ಚು. ನೆರವಿನಲ್ಲಿ ಇದಕ್ಕಿಂತ ಅಪಾಯದ ಅಳತೆ ಇನ್ನೊಂದಿಲ್ಲ.

1799ರ ಜನವರಿ 25ರಂದು ಬೋನಪಾರ್ಟೆ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದು ನೆರವಿನ ಆಶ್ವಾಸನೆ ಕೊಟ್ಟ. ಆ ಪತ್ರ ಕೆಂಪು ಸಮುದ್ರದ ದಾರಿಯಲ್ಲೇ ಇಂಗ್ಲಿಷರ ಕೈ ಸೇರಿತು. ಫೆಬ್ರವರಿಯಲ್ಲಿ ಟಿಪ್ಪು ಮಾರಿಷಸಿನಿಂದ ಬಂದವರಲ್ಲೇ ಒಬ್ಬನಾದ ನೌಕಾಧಿಕಾರಿ ದ್ಯುಬುಕನನ್ನು ಪ್ಯಾರಿಸ್ಸಿಗೆಂದು ತರಂಗಂಬಾಡಿಯಿಂದ ಹಡಗು ಹತ್ತಿಸಿದ. ಆತ ಕಡಲಲ್ಲಿರುವಾಗಲೇ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಶಾಪ್ಯೂಯಿ ಮತ್ತು ಕೋಟೆಯಲ್ಲಿದ್ದ ಫ್ರೆಂಚರು ಸೆರೆಯಾದರು. ಕೆನರಾ ಜಿಲ್ಲೆ ಕುಂಪಣಿಗೆ ಹೋಯಿತು. ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರನಾಗಿ ಬಂದ.

ದಂಡೆತ್ತಿ ಬಂದವರು ಯಾರು?

ಇಷ್ಟರವರೆಗೆ ಓದಿದ ಮಂಗಳೂರಿನ ಓದುಗರಲ್ಲಿ ಹಲವರು ಒಂದು ಆಕ್ಷೇಪ ಎತ್ತದೆ ಬಿಡಲಾರರು. ಆಕ್ರಮಣಕ್ಕೆ ಒಳಗಾದವನು ಟಿಪ್ಪು ಎನ್ನುತ್ತೀರಲ್ಲ, ಆತನಿಂದ ಆಕ್ರಮಣಕ್ಕೆ ಒಳಗಾದವರ ಗತಿ ಏನು?

ಆಕ್ಷೇಪ ನ್ಯಾಯವಾದದ್ದು. ಕೊಡಗಿನ ದೊಡ್ಡ ವೀರರಾಜೇಂದ್ರನಿಗೆ ದಂಡೆತ್ತಿ ಬಂದವರು ಮೈಸೂರಿನವರು. ಮೈಸೂರಿನ ಸೆರೆಯಿಂದ ಪಿರಿಯಾಪಟ್ಟಣದಲ್ಲಿ ತಪ್ಪಿಸಿಕೊಂಡ ಆತ 1790ರಲ್ಲಿ ಕುಂಪಣಿಯೊಡನೆ ಒಪ್ಪಂದ ಮಾಡಿಕೊಂಡ. ಮುಂಬಯಿಯ ದಂಡಿಗೆ ದಾರಿ ಕೊಟ್ಟ, ಅಕ್ಕಿ ದನ ಒದಗಿಸಿದ. 1799ರ ಮಾರ್ಚ್ 6ರಂದು ಟಿಪ್ಪು ಆ ದಂಡನ್ನು ಸಿದ್ದೇಶ್ವರದಲ್ಲಿ ಎದುರಿಸಿ ಹಿಮ್ಮೆಟ್ಟಬೇಕಾದದ್ದು ಕೊಡಗಿನ ಗಡಿಯಲ್ಲೇ. ಟಿಪ್ಪುವಿಗೆ ಫ್ರೆಂಚರು ಹೇಗೋ ವೀರರಾಜೇಂದ್ರನಿಗೆ ಇಂಗ್ಲಿಷರು ಹಾಗೆ. ಆ ಮಿತ್ರರೇ 1834ರಲ್ಲಿ ಕೊಡಗನ್ನು ನುಂಗಿದರು ಎಂಬುದು ಬೇರೆ ಮಾತು.

ಕರಾವಳಿಯ ಕ್ರೈಸ್ತರ ನೆನಪು ಇನ್ನೂ ಕಹಿಯಾದುದು. 1783ರಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಮುತ್ತಿಗೆ ಮುಗಿದ ಕೂಡಲೇ, 1784ರ ಫೆಬ್ರವರಿಯಲ್ಲಿ ಅವರನ್ನು ಸಾವಿರಗಟ್ಟಲೆಯಾಗಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸೆರೆಯಲ್ಲಿ ಬಹಳ ಮಂದಿ ಸತ್ತದ್ದು ನಿಜ, ಉಳಿದವರು ಮರಳಿದ್ದು 1799ರ ನಂತರ ಎಂಬುದೂ ನಿಜ. ಒಂದು ಕುಟುಂಬ ಶ್ರೀರಂಗಪಟ್ಟಣದ ಪತನವನ್ನು ಬಿಡುಗಡೆಯೆಂದು, ಇನ್ನೊಂದು ಕುಟುಂಬ ಗುಲಾಮಗಿರಿಯ ಆರಂಭವೆಂದು ನೆನೆಯುವ ಊರಿದು. ಪರರಿಗೆ ನೆರವಾದರೆಂಬ ಆರೋಪ ಒಬ್ಬಿಬ್ಬರ ಮೇಲಿದ್ದರೂ ಅದರ ದಂಡವನ್ನು ಇಡೀ ಸಮುದಾಯ ತೆರಬೇಕಾಗುತ್ತದೆ ಎಂಬುದನ್ನೂ ಮಂಗಳೂರು ಆಗಲೇ ಕಂಡಿತು.

ಕಾನೂನು ಏನನ್ನುತ್ತದೆ

ಮಲಾರ್ತಿಕನ ಜಾಹೀರುನಾಮೆಯಂಥ ಕೆಲಸವನ್ನು ನಿಯಮಕ್ಕೆ ತರಲು ನಂತರ ಪ್ರಯತ್ನಗಳಾದವು. 1907ರ ಹೇಗ್ ಒಡಂಬಡಿಕೆಯ ಪ್ರಕಾರ ತಟಸ್ಥ ದೇಶವೊಂದರ ನೆಲದಲ್ಲಿ ಯುದ್ಧಕ್ಕೆ ಪಡೆ ಕಟ್ಟಕೂಡದು, ಭರ್ತಿ ಕಚೇರಿ ತೆರೆಯಕೂಡದು. ಆದರೆ ವ್ಯಕ್ತಿಗಳು ಒಬ್ಬೊಬ್ಬರಾಗಿ ಗಡಿ ದಾಟಿ ಹೋಗಿ ಸೇರಿದರೆ ಆ ದೇಶ ಹೊಣೆಯಲ್ಲ. ಹೊಣೆಯಿಂದ ಜಾರಿಕೊಳ್ಳಲು ಸರಕಾರಗಳು ಎಷ್ಟು ಅಗಲದ ಬಾಗಿಲನ್ನು ತೆರೆದಿಟ್ಟುಕೊಂಡಿವೆ ನೋಡಿ. ಸ್ಪೇನಿನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. 1936ರಲ್ಲಿ ಸರಕಾರಗಳು ಮಧ್ಯ ಪ್ರವೇಶಿಸುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು, ಜರ್ಮನಿ ಇಟಲಿಗಳು ಅದನ್ನು ಮುರಿದವು, ಗಣರಾಜ್ಯದ ಪರ ಹೋರಾಡಲು ಹಲವು ದೇಶಗಳಿಂದ ಸುಮಾರು 35 ಸಾವಿರ ಮಂದಿ ತಾವಾಗಿ ಹೋದರು. ಗಣರಾಜ್ಯ ಉಳಿಯಲಿಲ್ಲ.

ಕೋವಿ ಹಿಡಿಯದೆ ಹೋದವರೂ ಇದ್ದಾರೆ. ಜಪಾನ್ ಚೀನಾದ ಮೇಲೆ ಎರಗಿದಾಗ ಅಲ್ಲಿನ ಕೋರಿಕೆಯಂತೆ ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರನ್ನು ಕಳುಹಿಸಿತು. ನಮ್ಮ ಗಡಿಯಾಚೆಯ, ಕನ್ನಡದ ಬಳಕೆಯೂ ಇರುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ ಅವರಲ್ಲೊಬ್ಬರು. ಅವರು ಹಿಂದಿರುಗಲಿಲ್ಲ, 1942ರ ಡಿಸೆಂಬರಿನಲ್ಲಿ ಚೀನಾದಲ್ಲೇ ತೀರಿಕೊಂಡರು. ಪರಾಧೀನ ದೇಶವೊಂದು ಕೊಡಬಹುದಾಗಿದ್ದುದು ಅಷ್ಟೇ. ಅದನ್ನು ಚೀನಾ ಇಂದಿಗೂ ಮರೆತಿಲ್ಲ.

ಭಾರತದ ಕಾನೂನು ಈ ವಿಷಯದಲ್ಲಿ ಬಿಗಿ. 1860ರ ಭಾರತೀಯ ದಂಡ ಸಂಹಿತೆಯ 125ನೆಯ ಕಲಂ ಇಂಡಿಯಾ ಸರಕಾರದೊಡನೆ ಶಾಂತಿಯಲ್ಲಿರುವ ಏಷ್ಯಾದ ಯಾವುದೇ ಸರಕಾರದ ವಿರುದ್ಧ ಯುದ್ಧ ಮಾಡುವುದನ್ನು ಅಪರಾಧವೆಂದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 153ನೆಯ ಕಲಂನಲ್ಲಿ 'ಏಷ್ಯಾದ' ಎಂಬ ಮಿತಿ ಹೋಗಿದೆ. ಭಾರತದೊಡನೆ ಶಾಂತಿಯಲ್ಲಿರುವ ಯಾವುದೇ ವಿದೇಶಿ ರಾಷ್ಟ್ರದ ವಿರುದ್ಧ ಎಂದಾಗಿದೆ. ಯುಕ್ರೇನಿನ ಪರ ರಷ್ಯಾದ ವಿರುದ್ಧ ಹೋರಾಡುವವನಿಗೂ, ರಷ್ಯಾದ ಪರ ಯುಕ್ರೇನಿನ ವಿರುದ್ಧ ಹೋರಾಡುವವನಿಗೂ ಮಾತಿನ ಮಟ್ಟಿಗೆ ಇದು ಅನ್ವಯವಾದೀತು. ಎರಡೂ ದೇಶಗಳು ನಮಗೆ ಮಿತ್ರರೇ.

2022ರ ಫೆಬ್ರವರಿ 27ರಂದು ಯುಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ವಿದೇಶಿಯರ ಪಡೆ ಕಟ್ಟುವುದಾಗಿ ಕರೆಕೊಟ್ಟರು. ಅಮೆರಿಕ ಮತ್ತು ಯುರೋಪಿನ ಸರಕಾರಗಳು ಆಯುಧ ಕೊಟ್ಟವು, ಸೈನ್ಯ ಕೊಡಲಿಲ್ಲ. ಅವುಗಳ ಪ್ರಜೆಗಳಲ್ಲಿ ಕೆಲವರು ತಾವಾಗಿ ಹೋದರು. ಸಹಾಯದ ಅಳತೆ ಈ ಬಾರಿ 1798ಕ್ಕಿಂತ ಬಹಳ ದೊಡ್ಡದು. ಆದರೂ ಯಾವ ಆಯುಧ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಕೊಡುವವರೇ ತೀರ್ಮಾನಿಸಿದರು. ವಾಷಿಂಗ್ಟನ್ನಿನಲ್ಲಿ ಸರಕಾರ ಬದಲಾದ ಬಳಿಕ, 2025ರ ಮಾರ್ಚಿನಲ್ಲಿ, ಅಮೆರಿಕದ ನೆರವು ಕೆಲವು ದಿನ ಪೂರ್ತಿ ನಿಂತುಹೋಗಿತ್ತು. ಕೊಸಿನ್ಯಿಯ ಕಥೆ ಬಲ್ಲವರಿಗೆ ಇದು ಹೊಸದಾಗಿ ಕಾಣಲಾರದು.

ಕರ್ನಾಟಕದಿಂದ ಆ ಯುದ್ಧಭೂಮಿಗೆ ಹೋದವರ ಕಥೆ ಮಾತ್ರ ಬೇರೆಯೇ. ಕಲಬುರಗಿ ಜಿಲ್ಲೆಯ ಕೆಲವು ಯುವಕರಿಗೆ ರಷ್ಯಾದಲ್ಲಿ ಭದ್ರತಾ ಸಹಾಯಕರ ಕೆಲಸವೆಂದು ಏಜೆಂಟರು ಆಸೆ ತೋರಿಸಿದ್ದರು. ಅಲ್ಲಿಗೆ ಹೋದ ಮೇಲೆ ಅವರನ್ನು ಯುಕ್ರೇನಿನ ಗಡಿಗೆ, ರಷ್ಯಾ ಸೇನೆಯ ಜೊತೆಗೆ ಕಳುಹಿಸಲಾಯಿತು. 2024ರ ಫೆಬ್ರವರಿಯಲ್ಲಿ ಅವರ ಮನೆಯವರ ದೂರಿನಿಂದ ಸಂಗತಿ ಬಯಲಾಯಿತು. ದಾಳಿಗೊಳಗಾದವರ ಪರವೂ ಅಲ್ಲ, ಯಾವ ನಂಬಿಕೆಯಿಂದಲೂ ಅಲ್ಲ, ಹೊಟ್ಟೆಪಾಡಿಗಾಗಿ ಹೋಗಿ ದಾಳಿಯಿಟ್ಟವರ ಸಾಲಿನಲ್ಲಿ ನಿಂತವರು ಅವರು. ಆ ವರ್ಷದ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರು. ಅದೇ ಬಗೆಯ ಆಮಿಷಕ್ಕೆ ಸಿಲುಕಿ ಹೋಗಿದ್ದ ಗುಜರಾತಿನ ಒಬ್ಬ, ಹೈದರಾಬಾದಿನ ಒಬ್ಬ ಅಷ್ಟರಲ್ಲಿ ರಣರಂಗದಲ್ಲಿ ಸತ್ತಿದ್ದರು.